ಏಕನಾಯಕನ ಬೇರು: ಗುಣ ಇದೆ, ಅಳತೆ ಎಲ್ಲಿ?

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಒಬ್ಬರಿಗೆ ಶುಗರ್ ಇದೆ ಎಂದು ಗೊತ್ತಾದರೆ ಸಾಕು, ಏಕನಾಯಕನ ಬೇರಿನ ಮಾತು ಬಂದೇ ಬರುತ್ತದೆ. ಈ ಕಾಡುಬಳ್ಳಿಯ ಬೇರಿನ ಮೇಲ್ಪದರ ಕೆರೆದರೆ ಕಿತ್ತಳೆ ಮಿಶ್ರಿತ ಹಳದಿ. ಅಡ್ಡ ಕತ್ತರಿಸಿದರೆ ಚಕ್ರದೊಳಗೊಂದು ಚಕ್ರ. ಮಲಯಾಳದವರಿಗೆ ಇದು ಪೊನ್‌ಕೊರಂಡಿ. ಭಾಷೆಯ ತಕರಾರು ಏನೇ ಇರಲಿ, ಕಷಾಯದ ವಿಷಯದಲ್ಲಿ ಕಾಸರಗೋಡಿನಲ್ಲಿ ಎರಡು ಮಾತಿಲ್ಲ. ಕೇರಳದಲ್ಲಿ 20 ವರ್ಷ ದಾಟಿದವರ ಪೈಕಿ ಶೇ 25.5ರಷ್ಟು ಮಂದಿಗೆ ಮಧುಮೇಹ ಇದೆ ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2023ರ ಅಧ್ಯಯನ ವರದಿ. ಬೇರು ಕೇಳುವವರಿಗೆ ಬರವಿಲ್ಲ.

ಕಹಿ, ಒಗರಿನ ಮದ್ದುಗಳನ್ನು ಹೇಳುವವರು ಆಯುರ್ವೇದದತ್ತ ಬೆರಳು ತೋರಿಸುತ್ತಾರೆ. ಆದರೆ ಸುಶ್ರುತ ಸಂಹಿತೆ ಬಡ ರೋಗಿಗೆ ಹೇಳಿದ ಚಿಕಿತ್ಸೆಯೇ ಬೇರೆ: ಕೊಡೆ, ಪಾದರಕ್ಷೆ ಇಲ್ಲದೆ, ಭಿಕ್ಷೆಯ ಅನ್ನ ಉಂಡು, ಒಂದು ಊರಿನಲ್ಲಿ ಒಂದೇ ರಾತ್ರಿ ತಂಗುತ್ತ ನೂರು ಯೋಜನ ನಡೆಯಬೇಕು. ಈ ಭಾಗವನ್ನು ಮಾತ್ರ ಯಾರೂ ನೆನಪಿಸುವುದಿಲ್ಲ.

ಏಕನಾಯಕನ ಕುಲದ್ದೇ ಆದ ಇನ್ನೊಂದು ಬಳ್ಳಿ ಶ್ರೀಲಂಕಾದಲ್ಲಿದೆ. ಅದರ ಕಟ್ಟಿಗೆಯಲ್ಲಿ ಕೊರೆದ ಲೋಟದಲ್ಲಿ ನೀರು ತುಂಬಿಟ್ಟು ಕುಡಿಯುವುದು ಅಲ್ಲಿನ ಹಳೆಯ ರೂಢಿ. 1997ರಲ್ಲಿ ಜಪಾನಿನ ವಿಜ್ಞಾನಿಗಳು ಆ ಬಳ್ಳಿಯಿಂದ ಸಲಾಸಿನಾಲ್ ಎಂಬ ಅಂಶವನ್ನು ಬೇರ್ಪಡಿಸಿದಾಗ ಗುಟ್ಟು ಬಯಲಾಯಿತು. ಅದು ಇನ್ಸುಲಿನ್ ಹೆಚ್ಚಿಸುವುದರಿಂದಲ್ಲ, ಸಣ್ಣ ಕರುಳಿನಲ್ಲಿ ಪಿಷ್ಟ ಮತ್ತು ಸಕ್ಕರೆಯನ್ನು ಒಡೆಯುವ ಕಿಣ್ವಗಳ ಕೈ ಕಟ್ಟಿಹಾಕುವುದರಿಂದ ಕೆಲಸ ಮಾಡುತ್ತದೆ. ಉಂಡ ಗಂಜಿಯ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಇಳಿಯುತ್ತದೆ. ಆಸ್ಪತ್ರೆಯಲ್ಲಿ ಬರೆದುಕೊಡುವ ಅಕಾರ್ಬೋಸ್ ಮಾತ್ರೆಯದೂ ಇದೇ ದಾರಿ. ಒಡೆಯದೆ ಉಳಿದ ಪಿಷ್ಟ ದೊಡ್ಡ ಕರುಳಿನಲ್ಲಿ ಹುಳಿಯುವುದರಿಂದ ಹೊಟ್ಟೆಯುಬ್ಬರ, ವಾಯು ಬರುವುದೂ ಉಂಟು.

ಹಾಗಿದ್ದರೆ ಬರಿಹೊಟ್ಟೆಯಲ್ಲಿ ಕಷಾಯ ಕುಡಿದು, ಎರಡು ಗಂಟೆ ಬಿಟ್ಟು ದೋಸೆ ತಿಂದರೆ ಏನು ಬಂತು? ತಡೆಯಬೇಕಾದ ಪಿಷ್ಟ ಕರುಳಿಗೆ ಬರುವ ಹೊತ್ತಿಗೆ ಮದ್ದೂ ಅಲ್ಲಿರಬೇಕು. ನಮ್ಮಲ್ಲಿ ಹೊತ್ತೂ ಇಲ್ಲ, ಅಳತೆಯೂ ಇಲ್ಲ. ಎಳೆಯ ಬೇರು, ಬಲಿತ ಬೇರು, ಒಂದು ಹಿಡಿ, ಎರಡು ಹಿಡಿ, ಎಲ್ಲವೂ ಕುದಿಸುವವರ ಅಂದಾಜು. ಸಾಲದ್ದಕ್ಕೆ ಬೇರು ಅಗೆದಲ್ಲಿ ಬಳ್ಳಿಯ ಕಥೆಯೂ ಮುಗಿಯುತ್ತದೆ.

ಹೊನ್ನೆ ಮರದ ಲೋಟದ್ದೂ ಹೆಚ್ಚುಕಡಿಮೆ ಇದೇ ಪಾಡು. ರಾತ್ರಿ ತುಂಬಿಟ್ಟ ನೀರು ಬೆಳಗ್ಗೆ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಬಿಸಿಲಿಗೆ ಹಿಡಿದರೆ ನೀಲಿ ಛಾಯೆ ಹೊಳೆಯುತ್ತದೆ. (ಇಲ್ಲಿನ ಹೋಟೆಲುಗಳಲ್ಲಿ ಕೊಡುವ ಗುಲಾಬಿ ಬಣ್ಣದ ದಾಹಶಮನಿ ನೀರು ಬೇರೆ, ಅದಕ್ಕೂ ಶುಗರಿಗೂ ಸಂಬಂಧ ಹಚ್ಚಬೇಕಿಲ್ಲ.) ಹೊನ್ನೆಯನ್ನು ಸರ್ಕಾರಿ ಸಂಶೋಧನಾ ಮಂಡಳಿ ಹೊಸ ರೋಗಿಗಳ ಮೇಲೆ ಪರೀಕ್ಷಿಸಿ 1998ರಲ್ಲಿ ಫಲಿತಾಂಶ ಪ್ರಕಟಿಸಿತು. 97 ಮಂದಿಯಲ್ಲಿ 67 ಮಂದಿಯ ಸಕ್ಕರೆ 12 ವಾರಗಳಲ್ಲಿ ಹತೋಟಿಗೆ ಬಂತು. ಅವರಿಗೆ ಕೊಟ್ಟದ್ದು ತೂಗಿದ ಸಾರ, ಲೋಟದ ನೀರಲ್ಲ. ಹೋಲಿಸಿ ನೋಡಲು ಮದ್ದಿಲ್ಲದ ಗುಂಪೂ ಇರಲಿಲ್ಲ.

ಗಿಡಮದ್ದು ಎಂದರೆ ಮೂಗು ಮುರಿಯುವವರಿಗೂ ಒಂದು ಮಾತು. ಇಂದು ಜಗತ್ತಿನಲ್ಲೆಲ್ಲ ಮಧುಮೇಹಕ್ಕೆ ನುಂಗುವ ಮೆಟ್‌ಫಾರ್ಮಿನ್ ಮಾತ್ರೆಯ ಬೇರು ಯುರೋಪಿನ ಗಲೇಗ ಎಂಬ ಗಿಡದಲ್ಲಿದೆ. ಗಿಡದಲ್ಲಿದ್ದ ಅಂಶ ಸಕ್ಕರೆ ಇಳಿಸುತ್ತಿತ್ತು, ಜೊತೆಗೆ ವಿಷವೂ ಆಗಿತ್ತು. ಅದರ ಸಂಬಂಧಿಯಾದ ಮೆಟ್‌ಫಾರ್ಮಿನ್ ತಯಾರಾದದ್ದು 1922ರಲ್ಲಿ, ಫ್ರಾನ್ಸಿನ ವೈದ್ಯ ಜೀನ್ ಸ್ಟರ್ನ್ ಅದನ್ನು ಮಧುಮೇಹಿಗಳಿಗೆ ಕೊಟ್ಟು ವರದಿ ಮಾಡಿದ್ದು 1957ರಲ್ಲಿ. ನಿತ್ಯಪುಷ್ಪದ ಕಥೆ ಇನ್ನೂ ವಿಚಿತ್ರ. ಸಕ್ಕರೆ ಕಾಯಿಲೆಯ ಮದ್ದೆಂದು ಜಮೈಕಾದಿಂದ ಕೆನಡಾಕ್ಕೆ ಹೋದ ಅದರ ಎಲೆ ಪ್ರಯೋಗಾಲಯದಲ್ಲಿ ಸಕ್ಕರೆಯನ್ನು ಇಳಿಸಲಿಲ್ಲ, ಬಿಳಿ ರಕ್ತಕಣಗಳನ್ನು ಇಳಿಸಿತು. ಹಾಗೆ ಸಿಕ್ಕಿದ ವಿನ್‌ಬ್ಲಾಸ್ಟಿನ್ ಇಂದಿಗೂ ಕ್ಯಾನ್ಸರ್ ಔಷಧ. ಅದೇ ಎಲೆಯನ್ನು ಶುಗರಿಗೆಂದು ಅಗಿಯುವವರು ಇನ್ನೂ ಇದ್ದಾರೆ.

ಮಧುಮೇಹ ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಕಾಯ್ದೆ ನಿಷೇಧಿಸಿದೆ. ಆದರೂ ಬಾಯಿಮಾತಿನ ಪ್ರಚಾರ ನಿಂತಿಲ್ಲ. ಕಷಾಯ ಕುಡಿಯುವ ಬಹುತೇಕರು ಮಾತ್ರೆಯನ್ನೂ ನುಂಗುತ್ತಾರೆ, ಡಾಕ್ಟರಿಗೆ ಮಾತ್ರ ಹೇಳುವುದಿಲ್ಲ. ಸಕ್ಕರೆ ಇಳಿಸುವ ಗ್ಲಿಮೆಪಿರೈಡ್‌ನಂಥ ಮಾತ್ರೆಯ ಜೊತೆ ಕಷಾಯವೂ ಸೇರಿ ಸಕ್ಕರೆ ಕುಸಿದು, ಬೆವರು, ನಡುಕ ಶುರುವಾದರೆ ಮನೆಯವರು ಮೊದಲು ಹುಡುಕುವುದು ಬೆಲ್ಲದ ಡಬ್ಬಿಯನ್ನು. ಬೆಲ್ಲವನ್ನು ಒಡೆಯುವ ಕಿಣ್ವವನ್ನೇ ಬೇರಿನ ಅಂಶ ತಡೆದಿರುವಾಗ ಅದು ಬೇಗ ರಕ್ತಕ್ಕೆ ಸೇರದು. ಅಕಾರ್ಬೋಸ್ ನುಂಗುವವರಿಗೆ ವೈದ್ಯರು ಹೇಳುವಂತೆ, ಇಲ್ಲಿಯೂ ಗ್ಲೂಕೋಸ್ ಪುಡಿಯನ್ನೇ ನೀರಿಗೆ ಹಾಕಿ ಕುಡಿಸಬೇಕು.