ಸಾರಿನಲ್ಲಿ ಉಪ್ಪು ಸರಿಯಾಗಿದೆ ಎಂದು ಯಾರೂ ಹೇಳುವುದಿಲ್ಲ

ಕಳೆದ ತಿಂಗಳು ಒಂದು ಭಾನುವಾರ ನಮ್ಮ ಅಮ್ಮ ಸಾರಿಗೆ ಉಪ್ಪು ಹಾಕುವುದನ್ನು ಮರೆತರು. ಆರು ಜನ ಊಟಕ್ಕೆ ಕೂತಿದ್ದೆವು. ಮೊದಲ ತುತ್ತು ಬಾಯಿಗೆ ಹೋಗುತ್ತಿದ್ದ ಹಾಗೆ ಎಲ್ಲರ ಕೈ ಒಂದೇ ಸಲ ನಿಂತಿತು. ಯಾರೂ ಮಾತಾಡಲಿಲ್ಲ. ಚಿಕ್ಕಪ್ಪ ಮೆಲ್ಲಗೆ ಕೈ ಚಾಚಿ ಉಪ್ಪಿನ ಡಬ್ಬಿ ಎಳೆದುಕೊಂಡರು. ಅದನ್ನು ನೋಡಿ ಅಮ್ಮನೇ ಮೊದಲು ನಕ್ಕರು. ಆಮೇಲೆ ಎಲ್ಲರೂ ನಕ್ಕೆವು. ನಗು ನಿಂತ ಮೇಲೆ ತಂಗಿಯ ಮಗಳು ಕೇಳಿದಳು. ಅವಳಿಗೆ ಏಳು ವರ್ಷ. "ಅಜ್ಜಿ ದಿನಾ ಉಪ್ಪು ಹಾಕ್ತಾರಲ್ವಾ? ಆಗ ಯಾಕೆ ಯಾರೂ ಏನೂ ಹೇಳಲ್ಲ?"

ಉತ್ತರ ಹೇಳಲು ನಾನು ಅವಳ ಅಂಗಾಲನ್ನು ಹಿಡಿದುಕೊಂಡೆ. ಕಚಗುಳಿ ಇಟ್ಟೆ. ಕಿಲಕಿಲ ನಕ್ಕಳು. "ಈಗ ನೀನೇ ಇಟ್ಕೋ" ಎಂದೆ. ಎಷ್ಟು ಕೆರೆದುಕೊಂಡರೂ ನಗು ಬರಲಿಲ್ಲ. ಅದೇ ಕಾಲು, ಅದೇ ಜಾಗ.

ಇದು ಚಾರ್ಲ್ಸ್ ಡಾರ್ವಿನ್ನನಿಗೂ ಕಾಡಿದ ವಿಷಯ. ಮನುಷ್ಯರು ಮತ್ತು ಪ್ರಾಣಿಗಳು ಭಾವನೆಗಳನ್ನು ಹೇಗೆ ತೋರಿಸುತ್ತವೆ ಎಂಬುದರ ಬಗ್ಗೆ 1872ರಲ್ಲಿ ಆತ ಒಂದು ಪುಸ್ತಕ ಬರೆದ. ಮಗು ತನಗೆ ತಾನೇ ಕಚಗುಳಿ ಇಟ್ಟುಕೊಳ್ಳಲು ಆಗುವುದೇ ಕಷ್ಟ, ಹಾಗಾಗಿ ಮುಟ್ಟುವ ಜಾಗ ಮೊದಲೇ ಗೊತ್ತಿರಬಾರದು ಅಂತ ಕಾಣುತ್ತದೆ ಎಂದು ಅದರಲ್ಲಿ ಹೇಳಿದ್ದಾನೆ. ಯಂತ್ರವಿಲ್ಲ, ಪ್ರಯೋಗಶಾಲೆಯಿಲ್ಲ. ಮಕ್ಕಳನ್ನು ಪ್ರೀತಿಯಿಂದ ನೋಡಿದವನಿಗೆ ಸಿಕ್ಕ ಉತ್ತರ ಅದು. ನೂರಿಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ಅದು ಸರಿ ಎಂದು ಗೊತ್ತಾಯಿತು.

1998ರಲ್ಲಿ ಲಂಡನ್ನಿನಲ್ಲಿ ಸಾರಾ-ಜೇನ್ ಬ್ಲೇಕ್‌ಮೋರ್, ಡೇನಿಯಲ್ ವೋಲ್ಪರ್ಟ್, ಕ್ರಿಸ್ ಫ್ರಿತ್ ಈ ಮೂವರು ವಿಜ್ಞಾನಿಗಳು ಕೆಲವರನ್ನು ಮೆದುಳಿನ ಸ್ಕ್ಯಾನರ್ ಒಳಗೆ ಮಲಗಿಸಿ ಅಂಗೈಗೆ ಕಚಗುಳಿ ಇಟ್ಟರು. ಬೇರೆಯವರು ಇಟ್ಟಾಗ ಸ್ಪರ್ಶವನ್ನು ಗುರುತಿಸುವ ಮೆದುಳಿನ ಭಾಗ ಚುರುಕಾಯಿತು. ತಾವೇ ಇಟ್ಟುಕೊಂಡಾಗ ಅದರ ಸದ್ದು ಇಳಿಯಿತು. ತಲೆಯ ಹಿಂದೆ ಕೆಳಗಡೆ ಇರುವ ಕಿರುಮೆದುಳು "ಇದು ನಮ್ಮದೇ ಕೈ, ಬಿಡಿ" ಎಂದು ಮುಂಚೆಯೇ ಸುದ್ದಿ ಕಳಿಸುತ್ತದೆ ಎಂಬುದು ಅವರ ವಿವರಣೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ಮದುವೆ ಮನೆಯ ಅಡುಗೆ ಭಟ್ಟರನ್ನು ನೆನಪಿಸಿಕೊಳ್ಳಿ. ಈ ಪಂಕ್ತಿಗೆ ನೂರು ಎಲೆ ಎಂದು ಹೇಳಿ ಕಳಿಸಿರುತ್ತಾರೆ. ನೂರು ಜನ ಬಂದು ಕೂತರೆ ಭಟ್ಟರು ತಲೆ ಎತ್ತಿಯೂ ನೋಡುವುದಿಲ್ಲ. ನೂರೈವತ್ತು ಜನ ಬಂದರೆ ಸೌಟು ಹಿಡಿದುಕೊಂಡೇ ಓಡಿಬರುತ್ತಾರೆ. ಮೆದುಳೂ ಹೀಗೆಯೇ. ಏನು ಬರುತ್ತದೆ ಎಂದು ಮೊದಲೇ ಅಂದಾಜು ಹಾಕಿಕೊಂಡಿರುತ್ತದೆ. ಬಂದದ್ದರಿಂದ ಅಂದಾಜನ್ನು ಕಳೆಯುತ್ತದೆ. ಉಳಿದ ಶೇಷ ಮಾತ್ರ ನಮ್ಮ ಅರಿವಿಗೆ ಬರುತ್ತದೆ. ಮನೆಯವರ ಹೆಜ್ಜೆ ಸಪ್ಪಳಕ್ಕೆ ನಾಯಿ ಬೊಗಳುವುದಿಲ್ಲ, ಹೊಸಬರು ಬಂದರೆ ಬೀದಿ ಎಬ್ಬಿಸುತ್ತದೆ. ಫ್ರಿಜ್ಜಿನ ಗುಂಯ್ ಸದ್ದು ಇಡೀ ದಿನ ಇರುತ್ತದೆ, ಕರೆಂಟು ಹೋದಾಗಲೇ "ಓ, ಇಷ್ಟು ಹೊತ್ತು ಸದ್ದಿತ್ತು" ಅನ್ನಿಸುತ್ತದೆ. ಕೈಗೆ ಬಳೆ ಹಾಕಿದ ಮೊದಲ ದಿನ ಭಾರ. ವಾರ ಕಳೆದರೆ ಬಳೆ ಇರುವುದೇ ಗೊತ್ತಾಗುವುದಿಲ್ಲ. ಇವೆಲ್ಲದರ ಹಿಂದಿನ ನರಗಳ ಕೆಲಸ ಒಂದೇ ಅಲ್ಲ, ಆದರೆ ಕಳೆಯುವ ಲೆಕ್ಕದ ಧಾಟಿ ಒಂದೇ.

ಅದೇ ಮೂವರು ಮರುವರ್ಷ ಇನ್ನೊಂದು ಪ್ರಯೋಗ ಮಾಡಿದರು. ನನಗೆ ಇದು ತುಂಬಾ ಇಷ್ಟ. ಎಡಗೈ ಅಲ್ಲಾಡಿಸಿದರೆ ಒಂದು ರೋಬಾಟ್ ಬಲ ಅಂಗೈಯನ್ನು ಸವರುತ್ತದೆ. ಕೈ ಅಲ್ಲಾಡಿದ ಕ್ಷಣವೇ ಸವರಿದರೆ ಕಚಗುಳಿ ಅಷ್ಟಕ್ಕಷ್ಟೆ. ನಡುವೆ ಬರೀ 0.2 ಸೆಕೆಂಡ್ ತಡ ಮಾಡಿದರೂ ಸಾಕು, ಕಚಗುಳಿ ಜಾಸ್ತಿಯಾಗುತ್ತದೆ. ಅಂದಾಜು ಅಷ್ಟು ತಪ್ಪಿದ್ದಕ್ಕೇ ತಮ್ಮದೇ ಕೈ ಪರರ ಕೈಯ ಹಾಗಾಯಿತು!

ಈಗ ಉಪ್ಪಿಗೆ ಬರೋಣ. 1990ರ ದಶಕದಲ್ಲಿ ವೋಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳ ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಹೊರಡಿಸುವ ನರಕೋಶಗಳ ಮಿಡಿತವನ್ನು ಅಳೆಯುತ್ತಿದ್ದರು. ಕೋತಿಗೆ ಇದ್ದಕ್ಕಿದ್ದ ಹಾಗೆ ಒಂದು ಹನಿ ಜ್ಯೂಸ್ ಸಿಕ್ಕಿದರೆ ಆ ಕೋಶಗಳು ಪಟಪಟ ಮಿಡಿಯುತ್ತಿದ್ದವು. ಒಂದು ಸೂಚನೆ ಕೊಟ್ಟು ಆಮೇಲೆ ಜ್ಯೂಸ್ ಕೊಡುವ ರೂಢಿ ಮಾಡಿದರು. ರೂಢಿಯಾದ ಮೇಲೆ ಮಿಡಿತ ಸೂಚನೆಗೆ ವರ್ಗವಾಯಿತು. ಜ್ಯೂಸ್ ಬಾಯಿಗೆ ಬಿದ್ದರೆ ಏನೂ ಇಲ್ಲ. ಸೂಚನೆ ಕೊಟ್ಟು ಜ್ಯೂಸ್ ಕೊಡದೇ ಹೋದರೆ, ಬರಬೇಕಿದ್ದ ಆ ಹೊತ್ತಿಗೆ ಸರಿಯಾಗಿ ಮಿಡಿತ ಮಾಮೂಲಿಗಿಂತ ಕೆಳಗಿಳಿಯಿತು. ಬಂದ ಜ್ಯೂಸಿಗೆ ಮೌನ, ಬಾರದ ಜ್ಯೂಸಿಗೆ ದೂರು. ಡೋಪಮೈನನ್ನು "ಖುಷಿಯ ರಾಸಾಯನಿಕ" ಎಂದು ಎಲ್ಲ ಕಡೆ ಬರೆಯುವುದನ್ನು ನೋಡಿದಾಗ ನನಗೆ ಬೇಜಾರಾಗುತ್ತದೆ. ಈ ಪ್ರಯೋಗದಲ್ಲಿ ಅದು ಮಾಡಿದ್ದು ಲೆಕ್ಕ ಬರೆಯುವ ಕೆಲಸ.

ಅಮ್ಮ ನಲವತ್ತು ವರ್ಷದಿಂದ ಸಾರು ಮಾಡುತ್ತಿದ್ದಾರೆ. ವರ್ಷಕ್ಕೆ ಮುನ್ನೂರು ದಿನ ಎಂದುಕೊಂಡರೂ ಹನ್ನೆರಡು ಸಾವಿರ ಸಲ ಉಪ್ಪು ಸರಿಯಾಗಿ ಬಿದ್ದಿದೆ. ನಮ್ಮ ತಲೆಯ ಖಾತೆಯಲ್ಲಿ ಅವೆಲ್ಲ ಸೊನ್ನೆ. ಮರೆತ ಒಂದೇ ಒಂದು ದಿನ ಮಾತ್ರ ಕೆಂಪು ಶಾಯಿಯಲ್ಲಿ ಬಿದ್ದಿದೆ. ನಲ್ಲಿಯಲ್ಲಿ ನೀರು ಬಂದ ದಿನ, ಮೂಗು ಕಟ್ಟದ ದಿನ, ಬಸ್ಸು ಹೊತ್ತಿಗೆ ಸರಿಯಾಗಿ ಸಿಕ್ಕ ದಿನ, ಎಲ್ಲದರ ಗತಿಯೂ ಇದೇ. ಇದರಲ್ಲಿ ಕೃತಘ್ನತೆ ಏನೂ ಇಲ್ಲ. ಹೊಸ ಅಪಾಯ, ಹೊಸ ಅವಕಾಶ ಕಣ್ಣಿಗೆ ಬೀಳಬೇಕಾದರೆ ಹಳೆಯದನ್ನು ಅಳಿಸಲೇಬೇಕಲ್ಲ.

ಮತ್ತೆ ಆ ದಿನ ನಾವು ನಕ್ಕಿದ್ದು ಯಾಕೆ? ಯಾರೂ ಜೋಕ್ ಹೇಳಿರಲಿಲ್ಲ. ನಗಬೇಕಾದರೆ ಜೋಕ್ ಬೇಕು ಎಂಬುದು ದೊಡ್ಡ ತಪ್ಪು ಕಲ್ಪನೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಪ್ರೊವೈನ್ ಮಾಲ್‌ಗಳಲ್ಲಿ, ಕಾಲೇಜು ಆವರಣದಲ್ಲಿ ಜನ ನಗುವುದನ್ನು ಕದ್ದು ಕೇಳಿ 1,200 ನಗುಗಳನ್ನು ಪಟ್ಟಿ ಮಾಡಿದರು. ನಗೆಹನಿ ಎನ್ನಬಹುದಾದ ಮಾತಿನ ನಂತರ ಬಂದ ನಗು ಶೇಕಡಾ 20ಕ್ಕಿಂತ ಕಡಿಮೆ. ಉಳಿದದ್ದೆಲ್ಲ "ಸರಿ, ಬರ್ತೀನಿ", "ನಿಮ್ಮನ್ನು ನೋಡಿ ಖುಷಿಯಾಯ್ತು" ಇಂಥ ಮಾತುಗಳ ಬೆನ್ನಿಗೆ ಬಂದದ್ದು. ಒಬ್ಬರೇ ಇರುವಾಗಿನದಕ್ಕಿಂತ ಜೊತೆಯಲ್ಲಿ ಯಾರಾದರೂ ಇದ್ದಾಗ ನಾವು ಸುಮಾರು 30 ಪಟ್ಟು ಜಾಸ್ತಿ ನಗುತ್ತೇವೆ ಎಂದೂ ಅವರು ಕಂಡುಕೊಂಡರು. ಎದುರಿಗಿರುವವರಿಗೆ "ನಾನಿದ್ದೀನಿ, ಹೆದರಬೇಡಿ" ಎಂದು ಹೇಳುವ ಸದ್ದು ಅದು.

ಇಲಿಗಳೂ ನಗುತ್ತವೆ. ಯಾಕ್ ಪ್ಯಾಂಕ್ಸೆಪ್ ಎಂಬ ವಿಜ್ಞಾನಿ 1990ರ ದಶಕದ ಕೊನೆಯಲ್ಲಿ ಇಲಿಗಳಿಗೆ ಕಚಗುಳಿ ಇಟ್ಟು, ಅವು 50 ಕಿಲೋಹರ್ಟ್ಸ್‌ನಲ್ಲಿ ಚಿಲಿಪಿಲಿ ಎನ್ನುವುದನ್ನು ಹಿಡಿದರು. ಅಷ್ಟು ಕೀಚಲು ಸದ್ದು ನಮಗೆ ಕೇಳುವುದಿಲ್ಲ, ನಮ್ಮ ಕಿವಿ 20 ಕಿಲೋಹರ್ಟ್ಸ್‌ಗೇ ಸುಸ್ತು. 2016ರಲ್ಲಿ ಬರ್ಲಿನ್ನಿನಲ್ಲಿ ಶಿಂಪೇ ಇಶಿಯಾಮಾ ಮತ್ತು ಮಿಖಾಯೆಲ್ ಬ್ರೆಕ್ಟ್ ಇನ್ನೊಂದು ವಿಷಯ ಕಂಡರು. ಕಣ್ಣು ಕುಕ್ಕುವ ಬೆಳಕಿನಲ್ಲಿ ಎತ್ತರದ ಅಟ್ಟದ ಮೇಲೆ ಇಲಿಯನ್ನು ನಿಲ್ಲಿಸಿ ಕಚಗುಳಿ ಇಟ್ಟರೆ ಅದರ ನಗು ಉಡುಗಿಹೋಗುತ್ತದೆ. ಭಯ ಇದ್ದಲ್ಲಿ ನಗು ಇಲ್ಲ.

ಅದಕ್ಕೇ ನನಗೆ ನಮ್ಮ ಮನೆಗಳ ಎರಡು ಮಾತುಗಳ ಬಗ್ಗೆ ಚಿಂತೆ. ಒಂದು, "ಜಾಸ್ತಿ ನಗಬೇಡ, ಆಮೇಲೆ ಅಳಬೇಕಾಗುತ್ತೆ." ನಕ್ಕು ನಕ್ಕು ಸುಮ್ಮನೆ ಮಲಗಿದ ಸಾವಿರ ಸಂಜೆಗಳನ್ನು ಯಾರೂ ಎಣಿಸುವುದಿಲ್ಲ. ನಕ್ಕ ಮೇಲೆ ಬಿದ್ದು ಮಂಡಿ ತರಚಿಕೊಂಡ ಒಂದು ಸಂಜೆ ನೆನಪಿರುತ್ತದೆ. ಉಪ್ಪಿನ ಲೆಕ್ಕವೇ ಇಲ್ಲೂ. ಮಗು ಮಾತ್ರ ಆ ಅಟ್ಟದ ಮೇಲಿನ ಇಲಿಯಾಗುತ್ತದೆ. ಇನ್ನೊಂದು, "ಒಳ್ಳೆಯದನ್ನು ಬಾಯಿಬಿಟ್ಟು ಹೇಳಬಾರದು, ದೃಷ್ಟಿ ಆಗುತ್ತೆ." ಮಗು ಚೆನ್ನಾಗಿ ಉಂಡಿತು ಎನ್ನಲೂ ಹೆದರಿಕೆ. ಮೆದುಳು ಮೊದಲೇ ಒಳ್ಳೆಯದನ್ನು ಅಳಿಸುತ್ತಿರುತ್ತದೆ, ನಾವು ಅದರ ಬಾಯಿಗೂ ಬಟ್ಟೆ ಕಟ್ಟುತ್ತೇವೆ. ಹಾಗೆಯೇ, ನಕ್ಕರೆ ಸಕ್ಕರೆ ಕಾಯಿಲೆ ವಾಸಿ ಎಂದು ಮೊಬೈಲಿಗೆ ಬರುವ ಸಂದೇಶಗಳನ್ನು ದಯವಿಟ್ಟು ನಂಬಬೇಡಿ. ನಗಿ, ಮಾತ್ರೆಯನ್ನೂ ತಗೊಳ್ಳಿ.

ಈ ಅಳಿಸುವಿಕೆಗೆ ಮದ್ದು ಇದೆಯಾ? ಸ್ವಲ್ಪ ಇದೆ. 2003ರಲ್ಲಿ ರಾಬರ್ಟ್ ಎಮ್ಮನ್ಸ್ ಮತ್ತು ಮೈಕಲ್ ಮೆಕಲಾ ಕಾಲೇಜು ವಿದ್ಯಾರ್ಥಿಗಳಿಗೆ ಹತ್ತು ವಾರ, ವಾರಕ್ಕೊಮ್ಮೆ, ಉಪಕಾರ ಅನ್ನಿಸಿದ ಐದರವರೆಗೆ ವಿಷಯ ಬರೆಯಲು ಹೇಳಿದರು. ಕಿರಿಕಿರಿಗಳನ್ನು ಬರೆದವರಿಗಿಂತ ಇವರಿಗೆ ಬದುಕು ಹೆಚ್ಚು ಹಿತವಾಗಿ ಕಂಡಿತು. ಆಮೇಲಿನ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ನೋಡಿದರೆ ಲಾಭ ಸಾಧಾರಣ, ಪವಾಡ ಏನಲ್ಲ. 2008ರಲ್ಲಿ ಬಂದ ಇನ್ನೊಂದು ಅಧ್ಯಯನ ನನಗೆ ಇದಕ್ಕಿಂತ ಹತ್ತಿರ. ಮಿಂಕ್ಯುಂಗ್ ಕೂ ಮತ್ತು ಜೊತೆಗಾರರು ಕೆಲವರಿಗೆ "ನಿಮ್ಮ ಸಂಗಾತಿ ಹೇಗೆ ಸಿಕ್ಕರು ಬರೆಯಿರಿ" ಎಂದರು. ಇನ್ನು ಕೆಲವರಿಗೆ "ಹೇಗೆ ಸಿಗದೇ ಹೋಗಬಹುದಿತ್ತು ಬರೆಯಿರಿ" ಎಂದರು. ಸಿಗದೇ ಹೋಗಬಹುದಿತ್ತು ಎಂದು ಬರೆದವರಿಗೇ ತಮ್ಮ ಸಂಬಂಧದ ಬಗ್ಗೆ ತೃಪ್ತಿ ಜಾಸ್ತಿ. ಮೆದುಳು ಕಳೆಯುವುದಕ್ಕೆ ಮುಂಚೆ ನಾವೇ ಒಂದು ಸಲ ಕಳೆದು ನೋಡಿದರೆ, ಇರುವುದು ಮತ್ತೆ ಶೇಷವಾಗಿ ಮೇಲೆ ಬರುತ್ತದೆ.

ಏಳು ವರ್ಷದ ಹುಡುಗಿಗೆ ಇದನ್ನೆಲ್ಲ ಹೇಳಲಿಲ್ಲ. ಭಟ್ಟರ ಕಥೆ, ನಾಯಿಯ ಕಥೆ ಹೇಳಿದೆ, ಅಷ್ಟೇ. ಮರುದಿನ ಮಧ್ಯಾಹ್ನ ಮತ್ತೆ ಅದೇ ಆರು ಜನ, ಅದೇ ಸಾರು. ಅವಳು ಅನ್ನ ಕಲಸಿ ಮೊದಲ ತುತ್ತು ನುಂಗಿದಳು. ತಟ್ಟೆ ಕೆಳಗಿಟ್ಟು ಗಟ್ಟಿಯಾಗಿ ಹೇಳಿದಳು: "ಅಜ್ಜೀ, ಇವತ್ತು ಉಪ್ಪು ಸರಿಯಾಗಿದೆ!" ಅಮ್ಮ ಸೌಟು ಹಿಡಿದುಕೊಂಡು ಒಂದು ಕ್ಷಣ ಹಾಗೇ ನಿಂತರು. ಆಮೇಲೆ ಎಷ್ಟು ನಕ್ಕರು ಅಂದರೆ, ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳಬೇಕಾಯಿತು.