ತುಂಬಿದ ಸಿ ಡ್ರೈವ್: ಕಣ್ಣಿಗೆ ಕಾಣದ ಫೈಲುಗಳ ಲೆಕ್ಕ

ಸಿ ಡ್ರೈವಿನ ಪಟ್ಟಿ ಕೆಂಪಾದೊಡನೆ ನಮ್ಮ ಕೈ ಮೊದಲು ಹೋಗುವುದು ನಮ್ಮದೇ ಫೋಟೊಗಳ, ಧ್ವನಿಮುದ್ರಣಗಳ, ಹಳೆಯ ಪತ್ರಗಳ ಕಡೆಗೆ. ಕಣ್ಣಿಗೆ ಕಾಣುವುದು ಅವೇ ಆದ್ದರಿಂದ ಜಾಗ ತಿಂದವು ಕೂಡ ಅವೇ ಇರಬೇಕೆಂದು ಭಾವಿಸುತ್ತೇವೆ. ಆದರೆ ವಿಂಡೋಸ್ ನೆಲೆಸಿರುವ ಡ್ರೈವಿನಲ್ಲಿ ಗಿಗಾಬೈಟ್‌ಗಟ್ಟಲೆ ಜಾಗ ಹಿಡಿದು ಕೂತಿರುವುದು ಅನೇಕ ವೇಳೆ ನಾವು ಎಂದೂ ತೆರೆದು ನೋಡದ ಫೈಲುಗಳು. ಅವುಗಳಲ್ಲಿ ಹೆಚ್ಚಿನವು ಅಳಿಸಿದರೂ ಬೇಕಾದಾಗ ಮತ್ತೆ ತಾವಾಗಿಯೇ ಹುಟ್ಟಿಕೊಳ್ಳುವಂಥವು. ಹೀಗೆ ಮತ್ತೆ ಸಿಗುವುದನ್ನು ಉಳಿಸಿಕೊಂಡು, ಎಂದೆಂದಿಗೂ ಸಿಗದಿರುವುದನ್ನು ಕಳೆದುಕೊಳ್ಳುವುದು ನಮ್ಮ ಮನೆಗಳಲ್ಲಿ, ಕಚೇರಿಗಳಲ್ಲಿ ದಿನವೂ ನಡೆಯುತ್ತಿದೆ. ಇದು ನನಗೆ ನಿಜಕ್ಕೂ ಸಂಕಟದ ಸಂಗತಿ.

ಮುಂಬೈಯ ಕನ್ನಡ ಸಂಘಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಡೊಂಬಿವಲಿಯ ಒಂದು ಸಂಘದ ಕಚೇರಿಯಲ್ಲಿರುವುದು ಲ್ಯಾಮಿಂಗ್ಟನ್ ರಸ್ತೆಯಲ್ಲಿ ಕೊಂಡ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್. ಅದರಲ್ಲಿ 128 ಗಿಗಾಬೈಟ್‌ನ ಎಸ್‌ಎಸ್‌ಡಿ (ತಿರುಗುವ ತಟ್ಟೆಗಳ ಬದಲು ಚಿಪ್ಪುಗಳಲ್ಲಿ ಫೈಲು ಉಳಿಸುವ ಡ್ರೈವ್), 8 ಗಿಗಾಬೈಟ್ ತಾತ್ಕಾಲಿಕ ಸ್ಮೃತಿ, ಅಂದರೆ ರ್‍ಯಾಮ್. ಸದಸ್ಯರ ಪಟ್ಟಿ, ‘ನುಡಿ’ ತಂತ್ರಾಂಶದಲ್ಲಿ ಟೈಪಿಸಿದ ಆಮಂತ್ರಣ ಪತ್ರಿಕೆಗಳು, ವರ್ಷಗಳ ಹಿಂದೆ ನಡೆದ ತಾಳಮದ್ದಳೆಗಳ ಧ್ವನಿಮುದ್ರಣ, ಎಲ್ಲವೂ ಸಿ ಡ್ರೈವಿನಲ್ಲಿಯೇ. ಜಾಗ ಮುಗಿಯಿತೆಂದು ಸಂದೇಶ ಬಂದಾಗ ಪದಾಧಿಕಾರಿಗಳು ಅಳಿಸಲು ಆರಿಸಿಕೊಂಡದ್ದು ಆ ತಾಳಮದ್ದಳೆಗಳನ್ನೇ. ಅವುಗಳಲ್ಲಿ ಅರ್ಥ ಹೇಳಿದ ಕಲಾವಿದರಲ್ಲಿ ಕೆಲವರು ಈಗ ಇಲ್ಲ. ಅಳಿಸುವ ಮೊದಲು ಒಮ್ಮೆ ಸೆಟ್ಟಿಂಗ್ಸ್ ತೆರೆದು, ಸಿಸ್ಟಂ ವಿಭಾಗದ ಸ್ಟೋರೇಜ್ ಪುಟ ನೋಡೋಣವೆಂದು ಕೂತಾಗ ತಿಳಿದದ್ದು ಇಷ್ಟು: ಧ್ವನಿಮುದ್ರಣಗಳೆಲ್ಲ ಸೇರಿ ಹಿಡಿದಿದ್ದ ಜಾಗಕ್ಕಿಂತ ‘ಟೆಂಪರರಿ ಫೈಲ್ಸ್’ ಎಂಬ ಒಂದೇ ಸಾಲು ಹಿಡಿದಿದ್ದ ಜಾಗ ಎಷ್ಟೋ ಹೆಚ್ಚಾಗಿತ್ತು.

ಅದೇ ಪುಟದಲ್ಲಿ ಇನ್ನೊಂದು ಪ್ರಶ್ನೆಯೂ ಎದ್ದಿತು: 128 ಎಂದು ಕೊಂಡ ಡ್ರೈವ್ ಏಕೆ 119 ಎಂದು ತೋರಿಸುತ್ತದೆ? ಅಂಗಡಿಯವರು ಮೋಸ ಮಾಡಿಲ್ಲ. ತಯಾರಕರು ಒಂದು ಗಿಗಾಬೈಟ್ ಎಂದರೆ 100 ಕೋಟಿ ಬೈಟ್ ಎಂದು ಎಣಿಸುತ್ತಾರೆ. ವಿಂಡೋಸ್ 1024ನ್ನು ಮೂರು ಬಾರಿ ಗುಣಿಸಿ, ಸುಮಾರು 107 ಕೋಟಿ 37 ಲಕ್ಷ ಬೈಟ್‌ಗಳಿಗೆ ಒಂದು ಗಿಗಾಬೈಟ್ ಎನ್ನುತ್ತದೆ. ಬೈಟುಗಳು ಅಷ್ಟೇ ಇವೆ, ಅಳೆಯುವ ಕೋಲು ಮಾತ್ರ ಬೇರೆ.

ಫೈಲೊಂದನ್ನು ಅಳಿಸಿದಾಗ ಒಳಗೆ ನಡೆಯುವುದೇನೆಂಬುದು ಇಲ್ಲಿ ಮುಖ್ಯ. ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ವ್ಯವಸ್ಥೆಯು ಡ್ರೈವನ್ನು ಸಾಮಾನ್ಯವಾಗಿ 4096 ಬೈಟ್‌ಗಳ ಚಿಕ್ಕ ಚಿಕ್ಕ ಕ್ಲಸ್ಟರ್‌ಗಳಾಗಿ ವಿಂಗಡಿಸಿಕೊಂಡಿರುತ್ತದೆ. ಯಾವ ಫೈಲು ಯಾವ ಕ್ಲಸ್ಟರ್‌ಗಳಲ್ಲಿದೆ ಎಂಬುದು ಮಾಸ್ಟರ್ ಫೈಲ್ ಟೇಬಲ್ ಎಂಬ ಕೋಷ್ಟಕದಲ್ಲಿಯೂ, ಯಾವ ಕ್ಲಸ್ಟರ್ ತುಂಬಿದೆ, ಯಾವುದು ಖಾಲಿ ಎಂಬುದು ಇನ್ನೊಂದು ನಕ್ಷೆಯಲ್ಲಿಯೂ ದಾಖಲಾಗಿರುತ್ತದೆ. ಸುಮ್ಮನೆ ಡಿಲೀಟ್ ಒತ್ತಿದರೆ ಫೈಲು ಅದೇ ಡ್ರೈವಿನಲ್ಲಿರುವ ರಿಸೈಕಲ್ ಬಿನ್ ಎಂಬ ಗುಪ್ತ ಫೋಲ್ಡರಿಗೆ ಹೋಗುತ್ತದೆಯೇ ಹೊರತು ಒಂದು ಬೈಟ್ ಜಾಗವೂ ಮರಳಿ ಬರುವುದಿಲ್ಲ. ಆ ಬುಟ್ಟಿಯನ್ನು ಖಾಲಿ ಮಾಡಿದಾಗಲೂ ದತ್ತಾಂಶ ಕೂಡಲೇ ಅಳಿದುಹೋಗುವುದಿಲ್ಲ. ನಮ್ಮ ಹೌಸಿಂಗ್ ಸೊಸೈಟಿಗಳ ಬಾಗಿಲಲ್ಲಿ ಯಾವ ಫ್ಲ್ಯಾಟಿನಲ್ಲಿ ಯಾರಿದ್ದಾರೆಂದು ತೋರಿಸುವ ಫಲಕವಿರುತ್ತದಲ್ಲ, ವಿಂಡೋಸ್ ಅಂಥ ಫಲಕದಿಂದ ಹೆಸರನ್ನು ತೆಗೆದು ‘ಖಾಲಿ’ ಎಂದು ಬರೆಯುತ್ತದೆ, ಅಷ್ಟೆ. ಒಳಗಿನ ಸಾಮಾನು ಹೊಸಬರು ಬರುವತನಕ ಇದ್ದಲ್ಲಿಯೇ ಇರುತ್ತದೆ. ತಿರುಗುವ ತಟ್ಟೆಗಳ ಹಳೆಯ ಹಾರ್ಡ್ ಡಿಸ್ಕಿನಲ್ಲಿ ಅಳಿಸಿದ ಫೈಲನ್ನು ಮರಳಿ ಪಡೆಯುವ ತಂತ್ರಾಂಶಗಳು ನಂಬಿರುವುದು ಇದನ್ನೇ.

ಎಸ್‌ಎಸ್‌ಡಿಯ ಕತೆ ಬೇರೆ. ಅದರೊಳಗಿರುವುದು 1980ರ ದಶಕದಲ್ಲಿ ಜಪಾನಿನ ತೋಷಿಬಾ ಸಂಸ್ಥೆಯಲ್ಲಿ ಫುಜಿಯೊ ಮಸುವೊಕಾ ಅವರು ರೂಪಿಸಿದ ಫ್ಲ್ಯಾಶ್ ಸ್ಮೃತಿ. ಇದರಲ್ಲಿ ಬರೆಯುವುದು ಪುಟಪುಟವಾಗಿ. ಅಳಿಸುವುದಾದರೆ ಮಾತ್ರ ನೂರಾರು ಪುಟಗಳಿರುವ ಇಡೀ ಬ್ಲಾಕನ್ನು ಒಮ್ಮೆಗೇ ಅಳಿಸಬೇಕು. ಬರೆದ ಪುಟದ ಮೇಲೆಯೇ ಮತ್ತೆ ಬರೆಯಲು ಸಾಧ್ಯವಿಲ್ಲವಾದ್ದರಿಂದ, ಡ್ರೈವಿನ ಒಳಗಿನ ನಿಯಂತ್ರಕವು ಬ್ಲಾಕಿನಲ್ಲಿ ಇನ್ನೂ ಬೇಕಾದ ಪುಟಗಳನ್ನು ಬೇರೆಡೆಗೆ ನಕಲು ಮಾಡಿ, ಆಮೇಲೆ ಬ್ಲಾಕನ್ನು ಅಳಿಸಿ ಸಿದ್ಧಪಡಿಸಿಕೊಳ್ಳುತ್ತದೆ. ಖಾಲಿ ಜಾಗ ಧಾರಾಳವಾಗಿದ್ದಾಗ ಈ ಕೆಲಸ ಹಿನ್ನೆಲೆಯಲ್ಲಿ ಸದ್ದಿಲ್ಲದೆ ನಡೆಯುತ್ತದೆ. ಜಾಗ ತೀರಿದಂತೆಲ್ಲ ನಾವು ಒಂದು ಬಾರಿ ಬರೆಯಲು ಹೇಳಿದ್ದಕ್ಕೆ ಅದು ಹಲವು ಬಾರಿ ಬರೆಯಬೇಕಾಗಿ ಬಂದು, ಕಂಪ್ಯೂಟರು ನಿಧಾನವಾಗುತ್ತದೆ. ಫ್ಲ್ಯಾಶ್ ಕೋಶಗಳು ಬೇಗ ಸವೆಯುತ್ತವೆ ಕೂಡ. ಜಾಗ ಉಳಿಸಿಕೊಳ್ಳಬೇಕು ಎನ್ನುವುದಕ್ಕೆ ಹೊಸ ಫೈಲು ಹಿಡಿಸಬೇಕೆಂಬುದಕ್ಕಿಂತ ದೊಡ್ಡ ಕಾರಣ ಇದು.

ಯಾವ ಕ್ಲಸ್ಟರ್ ಖಾಲಿಯಾಯಿತೆಂದು ಆಪರೇಟಿಂಗ್ ಸಿಸ್ಟಂ ಎಸ್‌ಎಸ್‌ಡಿಗೆ ತಿಳಿಸುವ ಆಜ್ಞೆಯ ಹೆಸರು ಟ್ರಿಮ್. ವಿಂಡೋಸಿಗೆ ಇದು 2009ರಲ್ಲಿ ವಿಂಡೋಸ್ 7ರೊಂದಿಗೆ ಬಂದಿತು. ಆಜ್ಞೆ ತಲುಪಿದ ಮೇಲೆ ಡ್ರೈವ್ ತನ್ನ ಅನುಕೂಲ ನೋಡಿಕೊಂಡು ಆ ಪುಟಗಳನ್ನು ನಿಜವಾಗಿಯೇ ಅಳಿಸಿಬಿಡುತ್ತದೆ. ಹಾಗಾಗಿ ಎಸ್‌ಎಸ್‌ಡಿಯಿಂದ ಶಾಶ್ವತವಾಗಿ ಅಳಿಸಿದ ತಾಳಮದ್ದಳೆಯನ್ನು ಯಾವ ತಂತ್ರಜ್ಞನೂ ಮರಳಿ ತಂದುಕೊಡುತ್ತಾನೆಂಬ ಭರವಸೆ ಇಟ್ಟುಕೊಳ್ಳಬಾರದು.

ಇನ್ನು ಕಾಣದ ಫೈಲುಗಳಿಗೆ ಬರೋಣ. ಸಿ ಡ್ರೈವಿನ ಬುಡದಲ್ಲಿಯೇ ಹೈಬರ್‌ಫಿಲ್ ಎಂಬ ಗುಪ್ತ ಫೈಲಿದೆ. ಕಂಪ್ಯೂಟರ್ ಹೈಬರ್ನೇಟ್ ಆಗುವಾಗ, ಅಂದರೆ ತೆರೆದಿಟ್ಟ ಕೆಲಸವನ್ನು ಹಾಗೆಯೇ ಉಳಿಸಿಕೊಂಡು ಆಫ್ ಆಗುವಾಗ, ರ್‍ಯಾಮಿನಲ್ಲಿರುವುದನ್ನು ಒತ್ತೊತ್ತಾಗಿ ಇಡುವ ಸ್ಥಳ ಅದು. ಸಾಮಾನ್ಯವಾಗಿ ರ್‍ಯಾಮಿನ ಶೇ. 40ರಷ್ಟು ಇರುತ್ತದೆ. ಸಂಘದ ಕಂಪ್ಯೂಟರಿನಲ್ಲಿ ಅದು 3 ಗಿಗಾಬೈಟ್‌ಗೂ ಮೇಲೆ. ಲ್ಯಾಪ್‌ಟಾಪ್ ಇದ್ದವರಿಗೆ ಈ ಸೌಲಭ್ಯ ಉಪಯುಕ್ತ. ಸಂಜೆ ಸ್ವಿಚ್ ಆಫ್ ಮಾಡಿ ಹೋಗುವ ಕಚೇರಿಯ ಡೆಸ್ಕ್‌ಟಾಪಿಗೆ ಅದರ ಅಗತ್ಯವಿಲ್ಲ; ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ಎಂಬ, ಆಜ್ಞೆಗಳನ್ನು ಟೈಪಿಸುವ ಕಿಟಕಿಯನ್ನು ತೆರೆದು ಪವರ್‌ಸಿಎಫ್‌ಜಿ ಆಜ್ಞೆಯ ಮೂಲಕ ಹೈಬರ್ನೇಷನ್ ನಿಲ್ಲಿಸಿದರೆ ಫೈಲು ತಾನಾಗಿ ಮಾಯವಾಗುತ್ತದೆ. ವಿಂಡೋಸ್ 8ರಿಂದ ಬಂದ ಫಾಸ್ಟ್ ಸ್ಟಾರ್ಟಪ್ ಕೂಡ ಇದೇ ಫೈಲನ್ನು ನೆಚ್ಚಿಕೊಂಡಿರುವುದರಿಂದ, ಅದು ಹೋದ ಮೇಲೆ ಬೆಳಿಗ್ಗೆ ಕಂಪ್ಯೂಟರ್ ಶುರುವಾಗಲು ಸ್ವಲ್ಪ ಹೆಚ್ಚು ಸಮಯ ಹಿಡಿಯಬಹುದು. ಪಕ್ಕದಲ್ಲಿಯೇ ಇರುವ ಪೇಜ್‌ಫೈಲನ್ನು ಮಾತ್ರ ಮುಟ್ಟಬೇಡಿ. ರ್‍ಯಾಮ್ ಸಾಲದಾದಾಗ ಡ್ರೈವಿನ ಒಂದು ಭಾಗವನ್ನೇ ಸ್ಮೃತಿಯಂತೆ ಬಳಸುವ ಉಪಾಯ 1962ರಲ್ಲಿ ಮ್ಯಾಂಚೆಸ್ಟರಿನ ಅಟ್ಲಾಸ್ ಕಂಪ್ಯೂಟರಿನ ಕಾಲದಿಂದ ನಡೆದುಬಂದದ್ದು. 8 ಗಿಗಾಬೈಟ್ ರ್‍ಯಾಮಿನ ಯಂತ್ರಕ್ಕೆ ಇಂದಿಗೂ ಅದೇ ಆಸರೆ.

ಸಂಘದ ಕಂಪ್ಯೂಟರಿನ ಆ ‘ಟೆಂಪರರಿ’ ಸಾಲಿನ ದೊಡ್ಡ ಪಾಲು ಹಿಂದಿನ ವಿಂಡೋಸಿನದಾಗಿತ್ತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದ ಕಾರಣ ಅಲ್ಲಿಯೂ ವಿಂಡೋಸ್ 11 ಹಾಕಿಸಿದ್ದರು. ಹೀಗೆ ಮೇಲ್ದರ್ಜೆಗೇರಿಸುವಾಗ ಹಳೆಯ ವ್ಯವಸ್ಥೆಯನ್ನು ‘ವಿಂಡೋಸ್ ಓಲ್ಡ್’ ಎಂಬ ಫೋಲ್ಡರಿನಲ್ಲಿ ಇಡಲಾಗುತ್ತದೆ. ಹೊಸದು ಒಗ್ಗದಿದ್ದರೆ 10 ದಿನಗಳೊಳಗೆ ಹಿಂದಿರುಗಲು ಅದೇ ದಾರಿ. ಅವಧಿ ಮುಗಿದ ಮೇಲೆ ವಿಂಡೋಸ್ ಅದನ್ನು ತಾನೇ ತೆಗೆಯುತ್ತದೆ. ಹಿಂದಿರುಗುವ ವಿಚಾರವಿಲ್ಲದಿದ್ದರೆ ಮೊದಲೇ ತೆಗೆಯಬಹುದು, ಆದರೆ ಪ್ರಿಂಟರ್, ಕನ್ನಡ ಅಕ್ಷರಶೈಲಿ, ಲೆಕ್ಕಪತ್ರದ ತಂತ್ರಾಂಶ ಎಲ್ಲವೂ ಸರಿಯಾಗಿ ನಡೆಯುತ್ತಿವೆಯೇ ಎಂದು ನೋಡಿಕೊಂಡ ಮೇಲೆ.

ಜನರನ್ನು ಅತಿ ಹೆಚ್ಚು ಹೆದರಿಸುವ ಫೋಲ್ಡರೆಂದರೆ ವಿನ್‌ಎಸ್‌ಎಕ್ಸ್‌ಎಸ್. ವಿಂಡೋಸಿನ ಘಟಕಗಳೆಲ್ಲ ಸಂಗ್ರಹವಾಗಿರುವ ಭಂಡಾರವದು. ಎಕ್ಸ್‌ಪ್ಲೋರರಿನಲ್ಲಿ ಅದರ ಗಾತ್ರ ನೋಡಿದರೆ ಇಷ್ಟೊಂದು ಏಕೆ ಬೇಕೆಂದು ಯಾರಿಗೂ ಅನ್ನಿಸುತ್ತದೆ. ಆದರೆ ಆ ಅಂಕಿ ನಿಜವಾದ ಅಳತೆಯಲ್ಲ. ಒಂದೇ ದತ್ತಾಂಶಕ್ಕೆ ಎರಡು ಕಡೆ ಎರಡು ಹೆಸರು ಕೊಡುವ ಹಾರ್ಡ್ ಲಿಂಕ್ ಎಂಬ ಏರ್ಪಾಡು ಎನ್‌ಟಿಎಫ್‌ಎಸ್‌ನಲ್ಲಿದೆ; ಭಂಡಾರದಲ್ಲಿ ಕಾಣುವ ಅನೇಕ ಫೈಲುಗಳು ವಿಂಡೋಸಿನ ಮುಖ್ಯ ಫೈಲುಗಳಿರುವ ಸಿಸ್ಟಂ32 ಫೋಲ್ಡರಿನಲ್ಲಿ ಕಾಣುವ ಅವೇ ಫೈಲುಗಳು. ಎಕ್ಸ್‌ಪ್ಲೋರರ್ ಎರಡು ಕಡೆಯೂ ಅವನ್ನು ಎಣಿಸುತ್ತದೆ. ಈ ಫೋಲ್ಡರಿಗೆ ನೇರವಾಗಿ ಕೈ ಹಾಕಿದರೆ ಕಂಪ್ಯೂಟರ್ ಮತ್ತೆ ಏಳದೆ ಹೋಗಬಹುದು. ಹೊಸ ಅಪ್‌ಡೇಟ್ ಬಂದ ಮೇಲೆ ಅನಗತ್ಯವಾದ ಹಳೆಯ ಘಟಕಗಳನ್ನು ತೆಗೆಯಲು ಡಿಸ್ಮ್ ಎಂಬ ವಿಂಡೋಸಿನದೇ ಉಪಕರಣವಿದೆ. ಸ್ಟೋರೇಜ್ ಪುಟದ ‘ವಿಂಡೋಸ್ ಅಪ್‌ಡೇಟ್ ಕ್ಲೀನಪ್’ ಕೂಡ ಆ ಕೆಲಸವನ್ನೇ ಮಾಡುತ್ತದೆ.

ಬ್ರೌಸರಿನ ಕ್ಯಾಶೆ (ನೋಡಿದ ಜಾಲಪುಟಗಳ ತಾತ್ಕಾಲಿಕ ಪ್ರತಿಗಳು), ಚಿತ್ರಗಳ ಥಂಬ್‌ನೇಲ್ ಎಂಬ ಕಿರುಪ್ರತಿಗಳು, ಟೆಂಪ್ ಫೋಲ್ಡರಿನ ಕಸ ಇವುಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ, ತೆಗೆದರೆ ನಷ್ಟವಿಲ್ಲ. ಆದರೆ ಅದೇ ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಎಂಬ ಸಾಲೂ ಇರುತ್ತದೆ. ಅದರ ಮುಂದೆ ಟಿಕ್ ಹಾಕುವ ಮೊದಲು ಫೋಲ್ಡರನ್ನು ತೆರೆದು ನೋಡಲೇಬೇಕು. ವಾಟ್ಸಾಪಿನಲ್ಲಿ, ಇಮೇಲಿನಲ್ಲಿ ಬಂದ ಪತ್ರ, ಫೋಟೊ, ರಸೀದಿಗಳನ್ನು ಅಲ್ಲಿಯೇ ಬಿಟ್ಟಿರುವವರೇ ಹೆಚ್ಚು. ಸಂಘದ ನೋಂದಣಿ ಪತ್ರದ ಪ್ರತಿ ಸಿಕ್ಕಿದ್ದು ಅದೇ ಫೋಲ್ಡರಿನಲ್ಲಿ.

ಒಂದೇ ಗುಂಡಿಯಲ್ಲಿ ಎಲ್ಲವನ್ನೂ ಶುಚಿಮಾಡುವುದಾಗಿ ಹೇಳುವ ಉಚಿತ ತಂತ್ರಾಂಶಗಳನ್ನು, ಅದರಲ್ಲಿಯೂ ರಿಜಿಸ್ಟ್ರಿ ಕ್ಲೀನರ್‌ಗಳನ್ನು, ನಾನು ಯಾರಿಗೂ ಹಾಕಿಕೊಡುವುದಿಲ್ಲ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳುವ ರಿಜಿಸ್ಟ್ರಿಯಿಂದ ಉಳಿಯುವ ಜಾಗ ಲೆಕ್ಕಕ್ಕೇ ಬಾರದಷ್ಟು ಅಲ್ಪ, ಕೆಟ್ಟರೆ ಆಗುವ ಹಾನಿ ಮಾತ್ರ ದೊಡ್ಡದು.

ಇಷ್ಟೆಲ್ಲ ಮಾಡಿದ ಮೇಲೂ ಜಾಗ ಸಾಲದಿದ್ದರೆ ಡಿ ಡ್ರೈವಿನಿಂದ ಸ್ವಲ್ಪ ತೆಗೆದು ಸಿಗೆ ಸೇರಿಸೋಣವೆಂದು ಅನೇಕರು ಹೊರಡುತ್ತಾರೆ. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಇದು ಸಾಧ್ಯವಾಗುವುದು ಸಿ ಡ್ರೈವಿನ ಬಲಕ್ಕೆ ಅಂಟಿಕೊಂಡಂತೆ ಯಾವ ಡ್ರೈವಿಗೂ ಸೇರದ ಖಾಲಿ ಜಾಗವಿದ್ದಾಗ ಮಾತ್ರ. ನಡುವೆ ವಿಂಡೋಸಿನ ದುರಸ್ತಿಗೆಂದು ಮೀಸಲಿಟ್ಟ ರಿಕವರಿ ಪಾರ್ಟಿಷನ್ ಕೂತಿದ್ದರೆ ‘ಎಕ್ಸ್‌ಟೆಂಡ್’ ಎಂಬುದು ಮಸುಕಾಗಿಯೇ ಉಳಿಯುತ್ತದೆ. ಸಂಘದವರಿಗೆ ನಾನು ಸೂಚಿಸಿದ್ದು ಬೇರೆ ದಾರಿ. ಧ್ವನಿಮುದ್ರಣಗಳನ್ನು ಎರಡು ಪ್ರತ್ಯೇಕ ಎಕ್ಸ್‌ಟರ್ನಲ್ ಡ್ರೈವುಗಳಿಗೆ ನಕಲು ಮಾಡಿ, ಒಂದೊಂದು ಪ್ರತಿಯನ್ನೂ ತೆರೆದು ಕೇಳಿ ಖಚಿತಪಡಿಸಿಕೊಂಡು, ಒಂದನ್ನು ಕಚೇರಿಯಲ್ಲಿ, ಇನ್ನೊಂದನ್ನು ಕಾರ್ಯದರ್ಶಿಗಳ ಮನೆಯಲ್ಲಿ ಇಡುವುದು. ಆಮೇಲೆ 512 ಗಿಗಾಬೈಟ್‌ನ ಎಸ್‌ಎಸ್‌ಡಿ ಕೊಂಡು ಹಳೆಯದರಲ್ಲಿರುವುದನ್ನೆಲ್ಲ ಇದ್ದಂತೆಯೇ ಅದಕ್ಕೆ ನಕಲು (ಕ್ಲೋನ್) ಮಾಡಿಸುವುದು. ಹೊಸ ಡ್ರೈವ್ ಕೆಲವು ವಾರ ತೊಂದರೆಯಿಲ್ಲದೆ ನಡೆಯುವವರೆಗೆ ಹಳೆಯ ಎಸ್‌ಎಸ್‌ಡಿಯನ್ನು ಫಾರ್ಮ್ಯಾಟ್ ಮಾಡದೆ ಕಪಾಟಿನಲ್ಲಿ ತೆಗೆದಿಡಬೇಕೆಂದೂ ಹೇಳಿದ್ದೇನೆ.