ಮನೆ ಶಿಫ್ಟ್ ಮಾಡಿದರೆ ಮನೆ ಎಲ್ಲಿಗೆ ಹೋಗುತ್ತದೆ?

ಓದುಗರ ಪ್ರಶ್ನೆ: ಮುಂದಿನ ತಿಂಗಳು ನಾವು ಬೇರೆ ಬಾಡಿಗೆ ಮನೆಗೆ ಹೋಗುತ್ತಿದ್ದೇವೆ. ಆಫೀಸಿಗೆ ರಜೆಯ ಮೇಲ್ ಬರೆಯುವಾಗ ‘ವಿ ಆರ್ ಶಿಫ್ಟಿಂಗ್ ಅವರ್ ಹೌಸ್’ ಎಂದು ಹಾಕಿದೆ. ಪಕ್ಕದಲ್ಲಿ ಕೂತ ಗೆಳೆಯ ನಕ್ಕು, ‘ಮೂವಿಂಗ್ ಹೌಸ್’ ಅನ್ನಬೇಕು ಕಣಯ್ಯಾ ಎಂದ. ಎರಡರಲ್ಲೂ ಮನೆಯೇ ನಡೆದುಕೊಂಡು ಹೋದ ಹಾಗಿದೆ ಅಲ್ವಾ? ಯಾವುದು ಸರಿ?

ಗೆಳೆಯ ಹೇಳಿದ್ದು ಸರಿ. ಆದರೆ ಅವರು ನಕ್ಕಿದ್ದು ‘ಶಿಫ್ಟ್’ ಪದಕ್ಕೆ ಅಂತಾದರೆ ತಪ್ಪು ಜಾಗದಲ್ಲಿ ನಕ್ಕಿದ್ದಾರೆ. ನಿಮ್ಮ ವಾಕ್ಯದಲ್ಲಿ ಎಡವಟ್ಟು ಮಾಡಿರುವುದು ‘ಅವರ್’ ಅನ್ನುವ ಚಿಕ್ಕ ಪದ.

ಇದು ನನಗೆ ಗೊತ್ತಾಗಿದ್ದು ಪುಸ್ತಕದಿಂದ ಅಲ್ಲ. ಕೆಲವು ವರ್ಷಗಳ ಹಿಂದೆ ನ್ಯೂಜಿಲೆಂಡಿನ ಸಹೋದ್ಯೋಗಿಯೊಬ್ಬರ ಜೊತೆ ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡುವ ಕೆಲಸ ನನ್ನದಾಗಿತ್ತು. ಆ ವಾರ ನಾವು ವಿಜಯನಗರದಿಂದ ಕೆಂಗೇರಿಗೆ ಮನೆ ಬದಲಾಯಿಸುತ್ತಿದ್ದೆವು. ಶನಿವಾರ ಸಿಗುವುದಿಲ್ಲ, ‘ವಿ ಆರ್ ಶಿಫ್ಟಿಂಗ್ ಅವರ್ ಹೌಸ್’ ಎಂದೆ. ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ ತುಂಬಾ ಕುತೂಹಲದಿಂದ ಕೇಳಿದರು: ‘ಮರದ್ದಾ?’ ಸಾಮಾನಿನ ವಿಷಯ ಕೇಳುತ್ತಿದ್ದಾರೆ ಅಂದುಕೊಂಡು, ಮಂಚ ಮರದ್ದು, ಬೀರು ಕಬ್ಬಿಣದ್ದು ಎಂದು ಉತ್ತರ ಕೊಟ್ಟೆ.

ಅವರು ಕೇಳಿದ್ದು ಮನೆಯನ್ನೇ. ನ್ಯೂಜಿಲೆಂಡಿನಲ್ಲಿ ಮರದ ಮನೆಗಳು ಜಾಸ್ತಿ. ಹಳೆಯ ಮನೆಯನ್ನು ಅಡಿಪಾಯದ ಕಂಬಗಳಿಂದ ಬಿಡಿಸಿ, ದೊಡ್ಡದಾದರೆ ಎರಡು ಮೂರು ತುಂಡು ಮಾಡಿ, ಲಾರಿ ಮೇಲೆ ಕೂರಿಸಿ, ರಸ್ತೆ ಖಾಲಿ ಇರುವ ರಾತ್ರಿ ಹೊತ್ತು ಬೇರೆ ಊರಿಗೆ ಸಾಗಿಸುವುದು ಅಲ್ಲಿ ಅಂಥ ಸೋಜಿಗದ ವಿಷಯವೇನಲ್ಲ. ಅದನ್ನೇ ಕಸುಬು ಮಾಡಿಕೊಂಡ ಕಂಪನಿಗಳಿವೆ. ಇನ್ನೊಂದು ತಮಾಷೆ ನೋಡಿ. ನಮ್ಮ ಹಾಗೆ ಬೇರೆ ಮನೆಗೆ ಹೋಗುವುದಕ್ಕೂ ಅಲ್ಲಿನ ಜನ ‘ಶಿಫ್ಟಿಂಗ್ ಹೌಸ್’ ಅನ್ನುತ್ತಾರೆ! ನಾನು ಅಷ್ಟೇ ಹೇಳಿದ್ದರೆ ಅವರಿಗೆ ತಟ್ಟನೆ ಅರ್ಥ ಆಗುತ್ತಿತ್ತು. ನಡುವೆ ‘ಅವರ್’ ಸೇರಿಸಿ ಮನೆಯನ್ನೇ ಲಾರಿ ಹತ್ತಿಸಿಬಿಟ್ಟಿದ್ದೆ.

ಈ ಜೋಡಿಪದದ ಗುಟ್ಟು ಇರುವುದು ಇಲ್ಲಿಯೇ. ‘ಮೂವ್ ಹೌಸ್’ ಅನ್ನುವಾಗ ‘ಹೌಸ್’ ಮುಂದೆ ಏನೂ ಬರುವುದಿಲ್ಲ. ‘ಎ’ ಇಲ್ಲ, ‘ದಿ’ ಇಲ್ಲ, ‘ಮೈ’, ‘ಅವರ್’ ಕೂಡ ಇಲ್ಲ. ಬೋಳಾಗಿ ನಿಂತ ಆ ‘ಹೌಸ್’ ಯಾವುದೋ ಒಂದು ಕಟ್ಟಡವನ್ನು ತೋರಿಸುವುದಿಲ್ಲ. ಎರಡೂ ಪದ ಸೇರಿ ‘ವಾಸ ಬದಲಿಸು’ ಎಂಬ ಒಂದೇ ಕ್ರಿಯೆ ಆಗುತ್ತದೆ. ‘ಗೋ ಟು ಬೆಡ್’ ಅಂದರೆ ಮಲಗುವುದು, ‘ಗೋ ಟು ದಿ ಬೆಡ್’ ಅಂದರೆ ಮಂಚದ ಹತ್ತಿರ ಹೋಗುವುದು. ಅದೇ ಜಾತಿಯ ವ್ಯತ್ಯಾಸ ಇದು. ‘ಅವರ್’ ಅಥವಾ ‘ದಿ’ ಬಂದ ತಕ್ಷಣ ಗೋಡೆ, ಬಾಗಿಲು, ತಾರಸಿ ಇರುವ ಕಟ್ಟಡ ಕಣ್ಣ ಮುಂದೆ ಬರುತ್ತದೆ. ಕಟ್ಟಡ ಸಾಗಿಸುವುದು ನಮ್ಮ ದೇಶದಲ್ಲೂ ಉಂಟು ಅನ್ನಿ. 2022ರಲ್ಲಿ ಪಂಜಾಬಿನ ಸಂಗ್ರೂರು ಜಿಲ್ಲೆಯಲ್ಲಿ ಎಕ್ಸ್‌ಪ್ರೆಸ್‌ವೇಗೆ ಅಡ್ಡ ಬರುತ್ತಿದ್ದ ಎರಡಂತಸ್ತಿನ ಮನೆಯನ್ನು ರೈತರೊಬ್ಬರು ಜ್ಯಾಕ್ ಕೊಟ್ಟು ಎತ್ತಿಸಿ, ಚಕ್ರಗಳ ಮೇಲೆ ನೂರಾರು ಅಡಿ ದೂಡಿಸಿದ್ದು ದೊಡ್ಡ ಸುದ್ದಿಯಾಗಿತ್ತು. ಅವರು ‘ಮೂವಿಂಗ್ ಮೈ ಹೌಸ್’ ಅನ್ನಬಹುದು, ಯಾರೂ ನಗುವ ಹಾಗಿಲ್ಲ.

ಮನೆ ನಿಂತಲ್ಲೇ ನಿಂತಿರುವಾಗ ಮನೆ ‘ಮೂವ್’ ಆಯಿತು ಅನ್ನುವುದು ವಿಚಿತ್ರ ಅಲ್ವಾ ಎಂದು ಕೇಳಿದ್ದೀರಿ. ನಾವೇನು ಕಡಿಮೆಯೇ? ಬಸ್ಸಿನಲ್ಲಿ ಕಂಡಕ್ಟರ್ ‘ತುಮಕೂರು ಬಂತು, ಇಳೀರಿ’ ಅನ್ನುತ್ತಾರೆ. ತುಮಕೂರು ಎಲ್ಲಿಂದ ಬಂತು? ‘ಈ ರಸ್ತೆ ಎಲ್ಲಿಗೆ ಹೋಗುತ್ತೆ’ ಎಂದು ಕೇಳುತ್ತೇವೆ, ರಸ್ತೆ ಅಲ್ಲೇ ಬಿದ್ದಿರುತ್ತದೆ. ಆಡುವವರ ಕಿವಿಗೆ ಅದರಲ್ಲಿ ವಿಚಿತ್ರ ಏನೂ ಕಾಣುವುದಿಲ್ಲ.

ಏಕವಚನದ ವಿಷಯದಲ್ಲಿ ಮಾತ್ರ ಸ್ವಲ್ಪ ಎಚ್ಚರ ಬೇಕು. ಐದು ಸಲ ಮನೆ ಬದಲಿಸಿದ್ದರೂ ‘ವಿ ಹ್ಯಾವ್ ಮೂವ್ಡ್ ಹೌಸ್ ಫೈವ್ ಟೈಮ್ಸ್’ ಅನ್ನಬೇಕು, ‘ಹೌಸಸ್’ ಬೇಡ. ರೈಲಿಗೆ ಇದು ಉಲ್ಟಾ. ಅರಸೀಕೆರೆಯಲ್ಲಿ ಒಂದೇ ಸಲ ಗಾಡಿ ಬದಲಿಸಿದರೂ ಅದು ‘ಚೇಂಜ್ ಟ್ರೇನ್ಸ್’. ಇಳಿದದ್ದು ಒಂದು, ಹತ್ತಿದ್ದು ಒಂದು, ಎರಡಾಯಿತಲ್ಲ. ಹಾಗಾದರೆ ಬಿಟ್ಟ ಮನೆ ಒಂದು, ಸೇರಿದ ಮನೆ ಒಂದು ಲೆಕ್ಕಕ್ಕಿಲ್ಲವೇ ಎಂದು ಕೇಳಬೇಡಿ. ಭಾಷೆಗೆ ಅಂಥ ನ್ಯಾಯ ಗೊತ್ತಿಲ್ಲ. ಇನ್ನು, ಹೋಗುವ ಊರಿನ ಹೆಸರು ಹೇಳುವುದಿದ್ದರೆ ‘ಹೌಸ್’ ಬಿಟ್ಟುಬಿಡಿ. ‘ವಿ ಆರ್ ಮೂವಿಂಗ್ ಟು ಮೈಸೂರು’ ಸಾಕು.

‘ಮೂವ್ ಹೌಸ್’ ಮುಖ್ಯವಾಗಿ ಬ್ರಿಟನ್ ಕಡೆಯ ಬಳಕೆ. ಅಮೆರಿಕದವರು ಬರೀ ‘ವಿ ಆರ್ ಮೂವಿಂಗ್’ ಅಂದು ಮುಗಿಸುತ್ತಾರೆ. ಸಾಮಾನು ಹೊರುವ ಗಾಡಿಯ ಹೆಸರೂ ಬೇರೆ ಬೇರೆ. ಬ್ರಿಟನ್ನಿನಲ್ಲಿ ಅದು ‘ರಿಮೂವಲ್ ವ್ಯಾನ್’, ಅಮೆರಿಕದಲ್ಲಿ ‘ಮೂವಿಂಗ್ ಟ್ರಕ್’. ನಮ್ಮಲ್ಲಿ ಲಾರಿ ಮೇಲೆ ‘ಪ್ಯಾಕರ್ಸ್ ಅಂಡ್ ಮೂವರ್ಸ್’ ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ಅದೇ ನಂಬರಿಗೆ ಫೋನ್ ಮಾಡಿ ‘ಶಿಫ್ಟಿಂಗ್ ಇದೆ, ಎಷ್ಟಾಗುತ್ತೆ’ ಎಂದು ಕೇಳುತ್ತೇವೆ. ಸ್ಕಾಟ್ಲೆಂಡಿನ ಆಡುಮಾತಿನಲ್ಲಿ ಮನೆ ಬದಲಿಸುವುದಕ್ಕೆ ‘ಫ್ಲಿಟ್’ ಅನ್ನುತ್ತಾರೆ. ಬಾಡಿಗೆ ಕೊಡದೆ ರಾತ್ರೋರಾತ್ರಿ ಗಂಟುಮೂಟೆ ಕಟ್ಟಿದರೆ ಅದು ‘ಮೂನ್‌ಲೈಟ್ ಫ್ಲಿಟ್’. ಬೆಳದಿಂಗಳಲ್ಲಿ ಪರಾರಿ! ಹತ್ತು ತಿಂಗಳ ಅಡ್ವಾನ್ಸನ್ನು ಓನರ್ ಕೈಯಲ್ಲಿಟ್ಟಿರುವ ಬೆಂಗಳೂರಿನ ಬಾಡಿಗೆದಾರರಿಗೆ ಆ ಭಾಗ್ಯ ಎಲ್ಲಿದೆ?

‘ಮೂವ್ ಹೋಮ್’ ಅನ್ನುವಾಗ ಹುಷಾರು. ಬ್ರಿಟನ್ನಿನಲ್ಲಿ ಅದಕ್ಕೂ ಮನೆ ಬದಲಿಸುವುದು ಅಂತಲೇ ಅರ್ಥ. ಅದೇ ಅಮೆರಿಕದ ಹುಡುಗನೊಬ್ಬ ‘ಐ ಮೂವ್ಡ್ ಹೋಮ್’ ಅಂದರೆ, ಅಪ್ಪ ಅಮ್ಮನ ಮನೆಗೆ ವಾಪಸ್ ಬಂದೆ ಎಂದು ಹೇಳುತ್ತಿದ್ದಾನೆ. ಕೆಲಸ ಹೋಯಿತೇನೋ ಎಂದು ಕೇಳುವವರಿಗೆ ಅನುಮಾನ ಬರಬಹುದು.

ಹಾಗಾದರೆ ‘ಶಿಫ್ಟ್’ ಬಿಡಬೇಕಾ? ನನ್ನ ಅಭಿಪ್ರಾಯ ಕೇಳಿದರೆ, ಬೇಡ. ನಮ್ಮ ದೇಶದ ಇಂಗ್ಲಿಷಿನಲ್ಲಿ ಅದು ಬೇರುಬಿಟ್ಟಿದೆ, ಎಲ್ಲರಿಗೂ ಅರ್ಥ ಆಗುತ್ತದೆ. ಕನ್ನಡದಲ್ಲಂತೂ ‘ಮನೆ ಶಿಫ್ಟ್ ಮಾಡ್ತಿದೀವಿ’ ಎಷ್ಟು ಸಲೀಸಾಗಿದೆ ಅಂದರೆ ‘ಬಿಡಾರ ಬದಲಿಸಿದರು’ ಅನ್ನುವ ಚೆಂದದ ಮಾತು ಮೂಲೆ ಸೇರಿದೆ. ಅದು ನನಗೆ ಸ್ವಲ್ಪ ಬೇಜಾರಿನ ವಿಷಯವೇ. ಆದರೆ ಲಂಡನ್ನಿನ ಮ್ಯಾನೇಜರಿಗೆ ಬರೆಯುವಾಗ ‘ಶಿಫ್ಟ್’ ಬೇರೆ ಅರ್ಥಗಳನ್ನು ಎಳೆದು ತರುತ್ತದೆ. ಅಲ್ಲಿ ಸೋಫಾವನ್ನು ಒಂದಡಿ ಸರಿಸುವುದು ಶಿಫ್ಟ್, ರಾತ್ರಿ ಪಾಳಿಯೂ ಶಿಫ್ಟ್. ಅಂಥ ಕಡೆ ‘ಮೂವ್’ ವಾಸಿ.

ನಿಮ್ಮ ಮೇಲ್ ಹೀಗಿರಲಿ: ‘ವಿ ಆರ್ ಮೂವಿಂಗ್ ಹೌಸ್ ನೆಕ್ಸ್ಟ್ ಮಂತ್. ಐ ವಿಲ್ ನೀಡ್ ಟೂ ಡೇಸ್ ಆಫ್.’ ಒಂದು ದಿನ ಸಾಲದು, ಎರಡೇ ಕೇಳಿ. ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳುತ್ತೇನೆ. ಹಾಲು ಉಕ್ಕಿಸುವ ಪಾತ್ರೆಯನ್ನು ಡಬ್ಬಕ್ಕೆ ಹಾಕಲು ಬಿಡಬೇಡಿ, ಕೈಯಲ್ಲೇ ಹಿಡಿದುಕೊಂಡು ಹೋಗಿ. ಕೆಂಗೇರಿಗೆ ಹೋದ ದಿನ ನಮ್ಮದು ಹತ್ತೊಂಬತ್ತು ಡಬ್ಬಗಳ ಪೈಕಿ ಯಾವುದರಲ್ಲಿದೆ ಎಂದು ಗೊತ್ತಾಗದೆ, ಎದುರು ಮನೆಯವರ ಪಾತ್ರೆಯಲ್ಲಿ ಹಾಲು ಉಕ್ಕಿಸಿದೆವು.